ರಕ್ಷಣಾ ಫಂಡ್ ಅಂದ್ರೆ ನಿಜಕ್ಕೂ ಏನನ್ನು ಕೊಳ್ಳುತ್ತೇವೆ?

2022ರಲ್ಲಿ ಜರ್ಮನಿ ತನ್ನ ಹಳೆಯ ಗೆಪಾರ್ಡ್ ವಿಮಾನ ನಿರೋಧಕ ಟ್ಯಾಂಕ್‌ಗಳನ್ನು ಉಕ್ರೇನ್‌ಗೆ ಕೊಡಲು ಒಪ್ಪಿತು. ಗಾಡಿಗಳೇನೋ ಹೋದವು, ಆದರೆ ಅವಕ್ಕೆ ಹಾಕುವ 35 ಮಿಲಿಮೀಟರ್ ಗುಂಡುಗಳೇ ಸಾಲದಾದವು. ಜರ್ಮನಿಯ ಬಳಿ ಇದ್ದ ಗುಂಡುಗಳು ಸ್ವಿಟ್ಜರ್ಲೆಂಡ್‌ನಲ್ಲಿ ತಯಾರಾದವು. ಅವನ್ನು ಬೇರೆಯವರಿಗೆ ಕೊಡಬೇಕಾದರೆ ಸ್ವಿಸ್ ಸರ್ಕಾರದ ಒಪ್ಪಿಗೆ ಬೇಕು. ಸ್ವಿಸ್ ಸರ್ಕಾರ, ನಮ್ಮದು ತಟಸ್ಥ ದೇಶ, ಯುದ್ಧ ನಡೆಯುತ್ತಿರುವ ಕಡೆ ನಮ್ಮ ಗುಂಡು ಹೋಗುವಂತಿಲ್ಲ ಅಂದುಬಿಟ್ಟಿತು. ಜರ್ಮನಿಯ ರೈನ್‌ಮೆಟಲ್ ಕಂಪನಿಗೆ ಸ್ವಿಟ್ಜರ್ಲೆಂಡ್‌ನಲ್ಲೇ ಸ್ವಂತ ಅಂಗಸಂಸ್ಥೆ ಇದೆ, ಆದರೂ ಏನೂ ಮಾಡಲಾಗಲಿಲ್ಲ. ಕೊನೆಗೆ ಕಂಪನಿ ಜರ್ಮನಿಯ ಉಂಟರ್‌ಲ್ಯೂಸ್‌ನಲ್ಲಿ ಹೊಸದಾಗಿ ತಯಾರಿಕೆ ಶುರು ಮಾಡಿ, 2023ರ ಹೊತ್ತಿಗೆ ಗುಂಡು ಕಳಿಸಿತು.

ರಕ್ಷಣಾ ಕಂಪನಿಗಳಲ್ಲಿ ಹಣ ಹಾಕಬೇಕು ಅಂತ ಯಾರಾದರೂ ಕೇಳಿದಾಗ ನನಗೆ ಮೊದಲು ನೆನಪಾಗುವುದು ಇದೇ ಕಥೆ. ಕಾರ್ಖಾನೆ ಕಂಪನಿಯದು, ಮಾಲು ಕಂಪನಿಯದು, ಆದರೆ ಅದನ್ನು ಯಾರಿಗೆ ಮಾರಬೇಕು, ಯಾವಾಗ ಮಾರಬೇಕು ಅನ್ನುವ ತೀರ್ಮಾನ ಮಾತ್ರ ಸರ್ಕಾರದ್ದು. ಮುಖ್ಯ ಗ್ರಾಹಕನೂ ಸರ್ಕಾರವೇ. ಸೋಪು ಮಾರುವ ಕಂಪನಿಗೆ ಕೋಟಿಗಟ್ಟಲೆ ಗ್ರಾಹಕರು, ಒಬ್ಬ ಬಿಟ್ಟರೆ ಇನ್ನೊಬ್ಬ ಸಿಗುತ್ತಾನೆ. ಯುದ್ಧವಿಮಾನ ಮಾಡುವ ಕಂಪನಿಗೆ ಬೆರಳೆಣಿಕೆಯಷ್ಟು ಗ್ರಾಹಕರು, ಅವರಲ್ಲೂ ಅರ್ಧ ಜನರಿಗೆ ಮಾರಲು ಇನ್ನೊಂದು ಸರ್ಕಾರದ ಅನುಮತಿ ಬೇಕು. 2018ರಲ್ಲಿ ಪತ್ರಕರ್ತ ಜಮಾಲ್ ಖಶೋಗ್ಗಿ ಕೊಲೆಯಾದ ಮೇಲೆ ಜರ್ಮನಿ ಸೌದಿ ಅರೇಬಿಯಾಕ್ಕೆ ಶಸ್ತ್ರಾಸ್ತ್ರ ರಫ್ತು ನಿಲ್ಲಿಸಿತು. ಅದರ ಬಿಸಿ ಜರ್ಮನ್ ಕಂಪನಿಗಳಿಗಷ್ಟೇ ಅಲ್ಲ, ಜರ್ಮನ್ ಭಾಗಗಳನ್ನು ಹಾಕಿ ವಿಮಾನ ಮಾಡುತ್ತಿದ್ದ ಬ್ರಿಟನ್ನಿನ ಬಿಎಇ ಸಿಸ್ಟಮ್ಸ್‌ಗೂ ತಟ್ಟಿತು.

ಫಂಡ್, ಅಂದರೆ ಹಲವರ ಹಣ ಸೇರಿಸಿ ಹಲವು ಕಂಪನಿಗಳ ಷೇರು ಕೊಳ್ಳುವ ವ್ಯವಸ್ಥೆ, ಉಪಯೋಗಕ್ಕೆ ಬರುವುದು ಇಂಥ ಕಡೆ. ಒಂದೇ ಕಂಪನಿಯ ಷೇರು ಹಿಡಿದು ಕೂತರೆ ಒಂದು ದೇಶದ ಒಂದು ನಿರ್ಧಾರಕ್ಕೆ ನಿಮ್ಮ ಹಣ ಸಿಕ್ಕಿಬೀಳುತ್ತದೆ. ಇಪ್ಪತ್ತು ಮೂವತ್ತು ಕಂಪನಿ, ಐದಾರು ದೇಶ ಇರುವ ಫಂಡ್ ಆದರೆ ಪೆಟ್ಟು ಹಂಚಿಹೋಗುತ್ತದೆ. ಇವುಗಳಲ್ಲಿ ಹೆಚ್ಚಿನವು ಇಟಿಎಫ್‌ಗಳು, ಅಂದರೆ ಷೇರಿನ ಹಾಗೆಯೇ ಮಾರುಕಟ್ಟೆಯಲ್ಲಿ ಕೊಂಡು ಮಾರಬಹುದಾದ ಫಂಡ್‌ಗಳು. ಯಾವ ಷೇರು ಇಡಬೇಕು ಅಂತ ದಿನಾ ಯೋಚಿಸುವ ಮ್ಯಾನೇಜರ್ ಇವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಒಂದು ಇಂಡೆಕ್ಸ್, ಅಂದರೆ ಷೇರುಗಳ ಪಟ್ಟಿ, ಇರುತ್ತದೆ, ಅದಕ್ಕೊಂದು ನಿಯಮಾವಳಿ ಇರುತ್ತದೆ, ಫಂಡ್ ಅದನ್ನು ಸುಮ್ನೆ ಪಾಲಿಸುತ್ತದೆ. ಆ ನಿಯಮಾವಳಿಗೆ ಆಮೇಲೆ ಬರುತ್ತೇನೆ, ಯಾಕಂದ್ರೆ ನನ್ನ ಪ್ರಕಾರ ಇಡೀ ವಿಷಯದ ಜೀವ ಇರುವುದೇ ಅಲ್ಲಿ.

ಮೊದಲು ಹಣ ಎಲ್ಲಿಂದ ಬರುತ್ತದೆ ಅನ್ನುವುದನ್ನು ನೋಡೋಣ. ಸ್ಟಾಕ್‌ಹೋಮ್‌ನ ಶಾಂತಿ ಸಂಶೋಧನಾ ಸಂಸ್ಥೆ ಸಿಪ್ರಿ ಪ್ರತಿ ವರ್ಷ ಸೇನಾ ಖರ್ಚಿನ ಲೆಕ್ಕ ಕೊಡುತ್ತದೆ. 2024ರಲ್ಲಿ ಜಗತ್ತಿನ ಎಲ್ಲ ದೇಶಗಳು ಸೇರಿ ಸೇನೆಗೆ ಖರ್ಚು ಮಾಡಿದ್ದು 2.7 ಲಕ್ಷ ಕೋಟಿ ಡಾಲರ್. ಹಿಂದಿನ ವರ್ಷಕ್ಕಿಂತ ಶೇ. 9.4 ಜಾಸ್ತಿ, ಶೀತಲ ಸಮರ ಮುಗಿದ ಮೇಲೆ ಒಂದು ವರ್ಷದಲ್ಲಿ ಇಷ್ಟು ಏರಿದ್ದೇ ಇಲ್ಲ. ಈ ಸಂಖ್ಯೆ ನೋಡಿದ ತಕ್ಷಣ ಕಂಪನಿಗಳಿಗೆ ಹಬ್ಬ ಅನ್ನಿಸುತ್ತದೆ. ಸ್ವಲ್ಪ ತಡೆಯಿರಿ. ಅದೇ ವರ್ಷ ಜಗತ್ತಿನ 100 ದೊಡ್ಡ ಶಸ್ತ್ರಾಸ್ತ್ರ ಕಂಪನಿಗಳಿಗೆ ಸೇನಾ ವಹಿವಾಟಿನಿಂದ ಬಂದ ಆದಾಯ ಸುಮಾರು 68 ಸಾವಿರ ಕೋಟಿ ಡಾಲರ್. ಅಂದರೆ ಒಟ್ಟು ಖರ್ಚಿನ ಕಾಲು ಭಾಗದಷ್ಟು. ಉಳಿದ ಹಣದಲ್ಲಿ ದೊಡ್ಡ ಪಾಲು ಸೈನಿಕರ ಸಂಬಳ, ಪಿಂಚಣಿ, ಇಂಧನ, ದುರಸ್ತಿ, ಕಟ್ಟಡ ಅಂತ ಹೋಗುತ್ತದೆ. ಬಜೆಟ್ ಏರಿದೆ ಅನ್ನುವ ಸುದ್ದಿ ಬಂದಾಗಲೆಲ್ಲ ಅದರಲ್ಲಿ ಹೊಸ ಖರೀದಿಗೆ ಎಷ್ಟು ಅಂತ ಕೇಳಿಕೊಳ್ಳಬೇಕು. ಆ ನೂರು ಕಂಪನಿಗಳಲ್ಲಿ ಚೀನಾದ ಸರ್ಕಾರಿ ಸಂಸ್ಥೆಗಳೂ ಇವೆ, ಅವು ಈ ಫಂಡ್‌ಗಳಿಗೆ ಬರುವುದೇ ಇಲ್ಲ.

ಆದರೂ ಖರ್ಚು ಏರುತ್ತಿರುವುದು ನಿಜ, ಅದರ ಹಿಂದೆ ಬರೀ ಮಾತಿಲ್ಲ. ನೇಟೋ ದೇಶಗಳು 2014ರಲ್ಲಿ ಜಿಡಿಪಿಯ ಶೇ. 2ರಷ್ಟನ್ನು ರಕ್ಷಣೆಗೆ ಕೊಡುತ್ತೇವೆ ಅಂತ ಗುರಿ ಹಾಕಿಕೊಂಡಿದ್ದವು, ಎಷ್ಟೋ ದೇಶಗಳು ವರ್ಷಗಟ್ಟಲೆ ಅದನ್ನು ಮುಟ್ಟಲೇ ಇಲ್ಲ. 2025ರ ಜೂನ್‌ನಲ್ಲಿ ಹೇಗ್ ನಗರದ ಸಭೆಯಲ್ಲಿ ಗುರಿ ಶೇ. 5ಕ್ಕೆ ಏರಿತು, 2035ರ ಒಳಗೆ. ಇದರಲ್ಲೂ ಒಂದು ಒಳಸುಳಿ ಇದೆ: ಶೇ. 3.5 ಮಾತ್ರ ನೇರ ಸೇನಾ ಖರ್ಚು, ಉಳಿದ ಶೇ. 1.5 ರಸ್ತೆ, ಸೇತುವೆ, ಸೈಬರ್ ಭದ್ರತೆ ತರಹದ ಸಂಬಂಧಪಟ್ಟ ಕೆಲಸಗಳಿಗೆ. ಜರ್ಮನಿ 2022ರಲ್ಲಿ 10 ಸಾವಿರ ಕೋಟಿ ಯೂರೋಗಳ ವಿಶೇಷ ನಿಧಿ ಮಾಡಿತು. ಆಮೇಲೆ 2025ರ ಮಾರ್ಚ್‌ನಲ್ಲಿ ತನ್ನ ಸಂವಿಧಾನವನ್ನೇ ತಿದ್ದಿ, ಜಿಡಿಪಿಯ ಶೇ. 1ನ್ನು ಮೀರಿದ ರಕ್ಷಣಾ ಖರ್ಚಿಗೆ ಸಾಲದ ಮಿತಿ ಅನ್ವಯಿಸುವುದಿಲ್ಲ ಅಂದಿತು. ಸಾಲ ಅಂದ್ರೆ ಬೆಚ್ಚಿಬೀಳುವ ದೇಶ ಅದು. ಅಂಥವರೇ ಹೀಗೆ ಮಾಡಿದ್ದಾರೆ ಅಂದ್ರೆ ಗಾಳಿ ಯಾವ ಕಡೆ ತಿರುಗಿದೆ ಅಂತ ಗೊತ್ತಾಗುತ್ತದೆ. ಐರೋಪ್ಯ ಒಕ್ಕೂಟ ಸದಸ್ಯ ದೇಶಗಳಿಗೆ ಶಸ್ತ್ರಾಸ್ತ್ರ ಖರೀದಿಗೆಂದೇ 15 ಸಾವಿರ ಕೋಟಿ ಯೂರೋ ಸಾಲದ ವ್ಯವಸ್ಥೆ ಮಾಡಿತು. ಜಪಾನ್ 2022ರ ಕೊನೆಗೆ, 2027ರ ಹೊತ್ತಿಗೆ ಶೇ. 2 ಮುಟ್ಟುತ್ತೇವೆ ಅಂತ ನಿರ್ಧರಿಸಿತು. ಪೋಲೆಂಡ್ ಅಂತೂ ಯುರೋಪಿನ ಕಾರ್ಖಾನೆಗಳಿಗೆ ಕಾಯದೆ ದಕ್ಷಿಣ ಕೊರಿಯಾದಿಂದ ಟ್ಯಾಂಕ್, ಹೊವಿಟ್ಜರ್ ಫಿರಂಗಿ ತರಿಸಿಕೊಂಡಿತು. ಹಾಗಾಗಿಯೇ ಹನ್ವಾ ಏರೋಸ್ಪೇಸ್, ಹ್ಯುಂಡೈ ರೊಟೆಮ್ ಹೆಸರುಗಳು ಹೂಡಿಕೆದಾರರ ಬಾಯಲ್ಲಿ ಬಂದದ್ದು.

ಇನ್ನು ಆರ್ಡರ್ ವಿಷಯ. ಈ ಕಂಪನಿಗಳ ವರದಿಯಲ್ಲಿ ಎಲ್ಲರೂ ಮೊದಲು ಹುಡುಕುವುದು ಆರ್ಡರ್ ಬುಕ್, ಅಂದರೆ ಒಪ್ಪಂದವಾಗಿದೆ ಆದರೆ ಮಾಲು ಇನ್ನೂ ಕೊಟ್ಟಿಲ್ಲ ಅನ್ನುವ ಕೆಲಸದ ಮೊತ್ತ. 2024ರ ಕೊನೆಗೆ ಬಿಎಇ ಕೈಯಲ್ಲಿ 7,780 ಕೋಟಿ ಪೌಂಡ್ ಕೆಲಸ ಬಾಕಿ ಇತ್ತು. ಅದರ ಒಂದು ವರ್ಷದ ಮಾರಾಟ 2,830 ಕೋಟಿ ಪೌಂಡ್. ಅಲ್ಲಿಂದ ಮುಂದೆ ಒಂದೂ ಹೊಸ ಆರ್ಡರ್ ಬರದಿದ್ದರೂ ಎರಡೂವರೆ ವರ್ಷಕ್ಕಿಂತ ಜಾಸ್ತಿ ಕೆಲಸ ಇತ್ತು ಅಂತ ಅರ್ಥ. ರೈನ್‌ಮೆಟಲ್ ಇನ್ನೂ ಮುಂದೆ: 975 ಕೋಟಿ ಯೂರೋ ಮಾರಾಟಕ್ಕೆ 5,500 ಕೋಟಿ ಯೂರೋ ಬಾಕಿ ಕೆಲಸ. ಆದರೆ ಈ 5,500 ಕೋಟಿಯಲ್ಲಿ ಪಕ್ಕಾ ಆರ್ಡರ್ ಜೊತೆಗೆ, ದೀರ್ಘಾವಧಿ ಒಪ್ಪಂದಗಳಡಿ ಮುಂದೆ ಸರ್ಕಾರ ತರಿಸಿಕೊಳ್ಳಬಹುದು ಅನ್ನುವ ಅಂದಾಜೂ ಸೇರಿದೆ. ಇದರಲ್ಲಿ ಮೋಸವೇನೂ ಇಲ್ಲ, ಕಂಪನಿಯೇ ಹಾಗಂತ ಹೇಳುತ್ತದೆ. ಓದುವವರು ಗಮನಿಸುವುದಿಲ್ಲ ಅಷ್ಟೇ. ಎರಡು ಕಂಪನಿಗಳ ಆರ್ಡರ್ ಬುಕ್ಕನ್ನು ಪಕ್ಕಪಕ್ಕ ಇಟ್ಟು ಹೋಲಿಸುವ ಮುಂಚೆ ಅವು ಒಂದೇ ಅಳತೆಗೋಲಿನಲ್ಲಿ ಅಳೆದದ್ದಾ ಅಂತ ನೋಡಬೇಕು.

ಆರ್ಡರ್ ಇದ್ದರೆ ಲಾಭ ಬಂದೇ ಬರುತ್ತದಾ? ಇಲ್ಲ. ಈ ಉದ್ಯಮದಲ್ಲಿ ಒಪ್ಪಂದಗಳು ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಖರ್ಚು ಎಷ್ಟಾಯಿತೋ ಅಷ್ಟನ್ನು ಸರ್ಕಾರ ಕೊಟ್ಟು, ಮೇಲೊಂದಿಷ್ಟು ಲಾಭ ಸೇರಿಸುತ್ತದೆ. ಇನ್ನೊಂದರಲ್ಲಿ ಬೆಲೆ ಮೊದಲೇ ನಿಗದಿ, ಖರ್ಚು ಮೀರಿದರೆ ಕಂಪನಿಯೇ ನುಂಗಿಕೊಳ್ಳಬೇಕು. ಬೋಯಿಂಗ್ 2011ರಲ್ಲಿ ಅಮೆರಿಕದ ವಾಯುಪಡೆಗೆ ಇಂಧನ ತುಂಬುವ ವಿಮಾನ ಕೆಸಿ-46 ಮಾಡಿಕೊಡಲು ಎರಡನೇ ಬಗೆಯ ಒಪ್ಪಂದ ಮಾಡಿಕೊಂಡಿತು. ಇದುವರೆಗೆ ಅದರಲ್ಲಿ ಕಳೆದುಕೊಂಡದ್ದು 700 ಕೋಟಿ ಡಾಲರ್‌ಗೂ ಜಾಸ್ತಿ. 2025ರ ಜುಲೈನಲ್ಲಿ ಲಾಕ್‌ಹೀಡ್ ಮಾರ್ಟಿನ್ ಒಂದೇ ತ್ರೈಮಾಸಿಕದಲ್ಲಿ 160 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು, ಅದರಲ್ಲಿ ದೊಡ್ಡ ಪಾಲು ಒಂದು ರಹಸ್ಯ ಯೋಜನೆಯದು. ಷೇರು ಒಂದೇ ದಿನದಲ್ಲಿ ಶೇ. 10ರ ಮೇಲೆ ಬಿತ್ತು. ಜಗತ್ತಿನಲ್ಲಿ ಶಸ್ತ್ರಾಸ್ತ್ರಕ್ಕೆ ಇಷ್ಟು ಬೇಡಿಕೆ ಇರುವ ವರ್ಷದಲ್ಲೇ, ಜಗತ್ತಿನ ಅತಿ ದೊಡ್ಡ ಶಸ್ತ್ರಾಸ್ತ್ರ ಕಂಪನಿಗೆ ಹೀಗಾಯಿತು. ರಹಸ್ಯ ಯೋಜನೆ ಅಂದಮೇಲೆ ಒಳಗೆ ಏನು ತಪ್ಪಾಯಿತು ಅಂತ ಷೇರುದಾರನಿಗೆ ಪೂರ್ತಿ ಹೇಳುವುದೂ ಇಲ್ಲ. ಇದು ಈ ಉದ್ಯಮದ ಒಂದು ವಿಶೇಷ ತೊಂದರೆ, ಬೇರೆ ಕ್ಷೇತ್ರದ ಹೂಡಿಕೆದಾರರಿಗೆ ಇದರ ಅಭ್ಯಾಸ ಇರುವುದಿಲ್ಲ.

ಈಗ ನಿಯಮಾವಳಿ. ಎರಡು ಫಂಡ್‌ಗಳ ಹೆಸರಿನಲ್ಲೂ ಡಿಫೆನ್ಸ್ ಅಂತ ಇರಬಹುದು, ಒಳಗಿನ ಸರಕು ಮಾತ್ರ ಬೇರೆಬೇರೆ ಇರಬಹುದು. ಯಾವ ಕಂಪನಿಯನ್ನು ರಕ್ಷಣಾ ಕಂಪನಿ ಅಂತ ಕರೆಯಬೇಕು? ಏರ್‌ಬಸ್ ಯುದ್ಧವಿಮಾನ, ಸೇನಾ ಸಾಗಣೆ ವಿಮಾನ ಎಲ್ಲ ಮಾಡುತ್ತದೆ, ಆದರೆ ಅದರ ಆದಾಯದಲ್ಲಿ ರಕ್ಷಣೆಯ ಪಾಲು ಐದನೇ ಒಂದು ಭಾಗದ ಆಸುಪಾಸು. ಉಳಿದದ್ದು ಜನ ಓಡಾಡುವ ವಿಮಾನ. ಫ್ರಾನ್ಸಿನ ಸಾಫ್ರಾನ್, ಬ್ರಿಟನ್ನಿನ ರೋಲ್ಸ್ ರಾಯ್ಸ್ ಎರಡೂ ಯುದ್ಧವಿಮಾನದ ಎಂಜಿನ್ ಮಾಡುತ್ತವೆ ನಿಜ, ಆದರೆ ಅವುಗಳ ಭಾಗ್ಯ ಜಾಸ್ತಿ ನಿಂತಿರುವುದು ಪ್ರಯಾಣಿಕ ವಿಮಾನಗಳು ಎಷ್ಟು ಗಂಟೆ ಹಾರುತ್ತವೆ ಅನ್ನುವುದರ ಮೇಲೆ. (ರೋಲ್ಸ್ ರಾಯ್ಸ್ ಕಾರು ಮಾಡುವ ಕಂಪನಿ ಬೇರೆ, ಅದು ಬಿಎಂಡಬ್ಲ್ಯೂ ಕೈಯಲ್ಲಿದೆ. ಈ ಗೊಂದಲ ಬಹಳ ಜನಕ್ಕೆ ಇದೆ.) ಹೆಸರಿನಲ್ಲಿ ಏರೋಸ್ಪೇಸ್ ಅಂಡ್ ಡಿಫೆನ್ಸ್ ಅಂತ ಇರುವ ಫಂಡ್‌ಗಳಲ್ಲಿ ಇಂಥ ಕಂಪನಿಗಳೇ ಮೇಲಿನ ಸಾಲಿನಲ್ಲಿ ಕೂತಿರುವುದು ಸಾಮಾನ್ಯ. ಐಷೇರ್ಸ್‌ನ ಹಳೆಯ, ದೊಡ್ಡ ಅಮೆರಿಕನ್ ಏರೋಸ್ಪೇಸ್ ಅಂಡ್ ಡಿಫೆನ್ಸ್ ಫಂಡ್‌ನಲ್ಲಿ 2025ರಲ್ಲಿ ಮೊದಲ ಸ್ಥಾನ ಜಿಇ ಏರೋಸ್ಪೇಸ್‌ಗಿತ್ತು, ಅದೂ ಮುಖ್ಯವಾಗಿ ಪ್ರಯಾಣಿಕ ವಿಮಾನದ ಎಂಜಿನ್ ಕಂಪನಿಯೇ. 2020ರಲ್ಲಿ ಕೋವಿಡ್ ಬಂದು ವಿಮಾನಗಳು ನೆಲಕ್ಕೆ ಕೂತಾಗ ಇಂಥ ಫಂಡ್‌ಗಳು ಕುಸಿದದ್ದು ಯಾಕೆ ಅಂತ ಈಗ ಅರ್ಥವಾಗುತ್ತದೆ ಅಲ್ವಾ, ಸೇನಾ ಬಜೆಟ್‌ಗೂ ಆ ಕುಸಿತಕ್ಕೂ ಹೆಚ್ಚು ಸಂಬಂಧವೇ ಇರಲಿಲ್ಲ.

ಇನ್ನು ಕೆಲವು ಇಂಡೆಕ್ಸ್‌ಗಳು ಬಿಗಿ. ವ್ಯಾನ್‌ಎಕ್ ಡಿಫೆನ್ಸ್ ಫಂಡ್ ಹಿಂಬಾಲಿಸುವ ಇಂಡೆಕ್ಸ್, ಕಂಪನಿಯ ಆದಾಯದಲ್ಲಿ ಕನಿಷ್ಠ ಅರ್ಧ ಸೇನೆ ಮತ್ತು ರಕ್ಷಣೆಯಿಂದ ಬರಬೇಕು ಅನ್ನುವ ಅಳತೆ ಇಟ್ಟುಕೊಂಡಿದೆ. ಆದರೆ ಅದರೊಳಗೆ ಪಲಂಟಿರ್ ತರಹದ ಸಾಫ್ಟ್‌ವೇರ್ ಕಂಪನಿಯೂ ಬರುತ್ತದೆ. ಹ್ಯಾನ್‌ಇಟಿಎಫ್‌ನ ಫ್ಯೂಚರ್ ಆಫ್ ಡಿಫೆನ್ಸ್ ಫಂಡ್, ಕಂಪನಿ ನೇಟೋ ಅಥವಾ ಅದರ ಮಿತ್ರ ದೇಶದ್ದಾಗಿರಬೇಕು ಅನ್ನುತ್ತದೆ, ಜೊತೆಗೆ ಸೈಬರ್ ಭದ್ರತೆ ಕಂಪನಿಗಳನ್ನೂ ಸೇರಿಸಿಕೊಳ್ಳುತ್ತದೆ. 2025ರ ಮಾರ್ಚ್‌ನಲ್ಲಿ ಬಂದ ವಿಸ್ಡಮ್‌ಟ್ರೀ ಯುರೋಪ್ ಡಿಫೆನ್ಸ್ ಫಂಡ್ ಯುರೋಪಿನ ಕಂಪನಿಗಳಿಗೆ ಮಾತ್ರ ಸೀಮಿತ. ಇನ್ನೊಂದು ಕಡೆ, ಜಾಗತಿಕ ಅಂತ ಹೆಸರಿರುವ ಫಂಡ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಅಮೆರಿಕನ್ ಷೇರುಗಳೇ ಇದ್ದರೆ ಆಶ್ಚರ್ಯಪಡಬೇಡಿ. ಯುರೋಪಿನ ಖರ್ಚು ಏರುತ್ತದೆ ಅನ್ನುವುದು ನಿಮ್ಮ ನಂಬಿಕೆಯಾದರೆ, ಆ ಫಂಡ್ ನಿಮ್ಮ ನಂಬಿಕೆಯನ್ನು ಅರ್ಧಂಬರ್ಧ ಮಾತ್ರ ಹೊತ್ತುಕೊಂಡಿರುತ್ತದೆ. ಮಾಹಿತಿ ಪತ್ರದಲ್ಲಿ ಹೆಸರಿನ ಕೆಳಗೆ ಮೊದಲ ಹತ್ತು ಷೇರು, ದೇಶವಾರು ಪಾಲು, ಒಂದು ಷೇರಿಗೆ ಹಾಕಿದ ಗರಿಷ್ಠ ಮಿತಿ, ಈ ಮೂರನ್ನು ನೋಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಸಾಮಾನ್ಯ ಜನರಿಗೆ ಮಾರುವ ಫಂಡ್‌ಗಳಿಗೆಂದು ಇರುವ ಯುರೋಪಿನ ಯುಸಿಟ್ಸ್ ಕಾನೂನಿನಲ್ಲಿ ಇಂಡೆಕ್ಸ್ ಫಂಡ್ ಒಂದೇ ಕಂಪನಿಯಲ್ಲಿ ಸಾಮಾನ್ಯವಾಗಿ ಶೇ. 20ರವರೆಗೆ ಇಡಬಹುದು. ಶೇ. 20 ಅಂದ್ರೆ ಕಡಿಮೆಯಲ್ಲ. ಅಷ್ಟು ಪಾಲು ಒಂದೇ ಕಂಪನಿಗೆ ಹೋಗಿದ್ದರೆ ಹಂಚಿಕೆಯ ಲಾಭ ಬಹಳಷ್ಟು ಕರಗಿಹೋಗುತ್ತದೆ.

ಫಂಡ್‌ಗೂ ಸಿಗದ ಕಂಪನಿಗಳಿವೆ. ಯುರೋಪಿನ ಕ್ಷಿಪಣಿಗಳಲ್ಲಿ ದೊಡ್ಡ ಹೆಸರು ಎಂಬಿಡಿಎ, ಅದು ಷೇರು ಮಾರುಕಟ್ಟೆಯಲ್ಲಿ ಇಲ್ಲ. ಏರ್‌ಬಸ್, ಬಿಎಇ, ಲಿಯೊನಾರ್ಡೊ ಮೂರೂ ಸೇರಿ ಅದರ ಒಡೆಯರು, ಅವುಗಳ ಮೂಲಕವೇ ಅದರ ಲಾಭ ನಿಮಗೆ ಬರಬೇಕು. ಷೇರು ಮಾರುಕಟ್ಟೆಯಲ್ಲಿರುವ ಕಂಪನಿಗಳಲ್ಲೂ ಸರ್ಕಾರ ಗಟ್ಟಿಯಾಗಿ ಕೂತಿದೆ. ನಾರ್ವೆಯ ಕಾಂಗ್ಸ್‌ಬರ್ಗ್‌ನಲ್ಲಿ ಅರ್ಧಕ್ಕಿಂತ ಒಂದೆಳೆ ಜಾಸ್ತಿ ನಾರ್ವೆ ಸರ್ಕಾರದ್ದು, ಲಿಯೊನಾರ್ಡೊದಲ್ಲಿ ಸುಮಾರು ಶೇ. 30 ಇಟಲಿ ಸರ್ಕಾರದ್ದು, ತೇಲ್ಸ್‌ನಲ್ಲಿ ಕಾಲು ಭಾಗದಷ್ಟು ಫ್ರೆಂಚ್ ಸರ್ಕಾರದ್ದು. ಗ್ರಾಹಕನೇ ಮಾಲೀಕನೂ ಆದಾಗ ಷೇರುದಾರನ ಹಿತ ಮತ್ತು ದೇಶದ ಹಿತ ಬೇರೆ ದಾರಿ ಹಿಡಿದರೆ, ಯಾರ ಮಾತು ನಡೆಯುತ್ತದೆ ಅಂತ ಹೇಳಬೇಕಾಗಿಲ್ಲ. ನನಗೆ ಇದು ತಪ್ಪು ಅನ್ನಿಸುವುದಿಲ್ಲ, ದೇಶ ಕಾಯುವ ಕೆಲಸ ಹಾಗೇ ಇರಬೇಕು. ಹಣ ಹಾಕುವವರು ಅದನ್ನು ಮೊದಲೇ ಒಪ್ಪಿಕೊಂಡು ಹಾಕಬೇಕು ಅಷ್ಟೇ.

ಬೆಲೆಯ ಬಗ್ಗೆ ಯಾರೂ ಸಾಕಷ್ಟು ಮಾತಾಡುವುದಿಲ್ಲ, ಅದೇ ನನಗೆ ಬೇಜಾರು. 2022ರ ಫೆಬ್ರವರಿಗೆ ಮುಂಚೆ ರೈನ್‌ಮೆಟಲ್ ಷೇರು 100 ಯೂರೋ ಆಸುಪಾಸಿನಲ್ಲಿತ್ತು, 2025ರ ಮಧ್ಯದ ಹೊತ್ತಿಗೆ 1,500 ದಾಟಿತ್ತು. ಕಂಪನಿಯ ಲಾಭ ಹದಿನೈದು ಪಟ್ಟು ಆಗಲಿಲ್ಲ. ಅಂದರೆ ಏರಿಕೆಯಲ್ಲಿ ದೊಡ್ಡ ಭಾಗ, ಮುಂದೆ ಬರಲಿರುವ ಲಾಭಕ್ಕೆ ಜನ ಈಗಲೇ ಕೊಟ್ಟ ಬೆಲೆ. ಸರಳ ಲೆಕ್ಕ ಹಾಕಿ: ಒಂದು ಕಂಪನಿಯ ಷೇರಿಗೆ ವರ್ಷಕ್ಕೆ 10 ಯೂರೋ ಲಾಭ, ಷೇರಿನ ಬೆಲೆ 400, ಅಂದರೆ ಲಾಭದ ನಲವತ್ತು ಪಟ್ಟು. ಐದು ವರ್ಷದಲ್ಲಿ ಲಾಭ ದುಪ್ಪಟ್ಟಾಗಿ 20 ಆಯಿತು ಅನ್ನಿ, ಎಲ್ಲ ಅಂದುಕೊಂಡ ಹಾಗೇ ಆಯಿತು. ಆದರೆ ಅಷ್ಟರಲ್ಲಿ ಉತ್ಸಾಹ ಇಳಿದು ಜನ ಇಪ್ಪತ್ತು ಪಟ್ಟು ಮಾತ್ರ ಕೊಡಲು ತಯಾರಾದರೆ ಬೆಲೆ ಅದೇ 400. ಐದು ವರ್ಷ ಕಾದದ್ದಕ್ಕೆ ಡಿವಿಡೆಂಡ್ (ಕಂಪನಿ ಷೇರುದಾರರಿಗೆ ಹಂಚುವ ಲಾಭಾಂಶ) ಬಿಟ್ಟರೆ ಏನೂ ಸಿಗಲಿಲ್ಲ. ನಿಮ್ಮ ಊಹೆ ಸರಿಯಾಗಿಯೇ ಇತ್ತು, ಕೊಟ್ಟ ಬೆಲೆ ಜಾಸ್ತಿಯಾಯಿತು. ಫಂಡ್ ಮನೆಗಳು ಹೊಸ ಫಂಡ್ ತರುವುದೂ ಜನರ ಆಸಕ್ತಿ ಕಾವೇರಿದ ಮೇಲೆಯೇ. ಇವತ್ತು ಪ್ರಚಾರದಲ್ಲಿರುವ ರಕ್ಷಣಾ ಫಂಡ್‌ಗಳಲ್ಲಿ ಬಹುಪಾಲು 2023ರಿಂದ ಈಚೆಗೆ ಹುಟ್ಟಿದವು.

ಸುದ್ದಿಗೆ ಈ ಷೇರುಗಳು ಕುಣಿಯುವ ರೀತಿಯೂ ಬೇರೆ. 2025ರ ಫೆಬ್ರವರಿ ಕೊನೆಗೆ ಶ್ವೇತಭವನದಲ್ಲಿ ಟ್ರಂಪ್ ಮತ್ತು ಝೆಲೆನ್‌ಸ್ಕಿ ಕ್ಯಾಮೆರಾ ಮುಂದೆಯೇ ಜಗಳವಾಡಿದರು. ಮುಂದಿನ ಸೋಮವಾರ ಬಿಎಇ, ರೈನ್‌ಮೆಟಲ್, ಲಿಯೊನಾರ್ಡೊ ಒಂದೇ ದಿನದಲ್ಲಿ ಶೇ. 10ಕ್ಕೂ ಜಾಸ್ತಿ ಏರಿದವು. ಅದೇ ವರ್ಷ ಆಗಸ್ಟ್‌ನಲ್ಲಿ ಅಲಾಸ್ಕಾದಲ್ಲಿ ಟ್ರಂಪ್ ಮತ್ತು ಪುಟಿನ್ ಭೇಟಿಯಾಗಿ ಶಾಂತಿಯ ಮಾತು ಬಂದಾಗ ಅವೇ ಷೇರುಗಳು ಇಳಿದವು. ನನ್ನ ಲೆಕ್ಕದಲ್ಲಿ ಕದನವಿರಾಮವಾದರೂ ಖಾಲಿಯಾದ ಗೋದಾಮು ತುಂಬಿಸಲು ವರ್ಷಗಳು ಬೇಕು, ಹಾಗಾಗಿ ಒಂದು ಸಭೆಯಿಂದ ಆರ್ಡರ್ ಬುಕ್ ಖಾಲಿಯಾಗುವುದಿಲ್ಲ. ಆದರೆ ದೀರ್ಘ ಶಾಂತಿ ಬಂದರೆ ಏನಾಗುತ್ತದೆ ಅನ್ನುವುದಕ್ಕೂ ಇತಿಹಾಸ ಇದೆ. ಶೀತಲ ಸಮರ ಮುಗಿದ ಮೇಲೆ 1993ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಕಂಪನಿ ಮುಖ್ಯಸ್ಥರನ್ನು ಊಟಕ್ಕೆ ಕರೆದು, ನಿಮ್ಮೆಲ್ಲರನ್ನೂ ಸಾಕುವಷ್ಟು ಬಜೆಟ್ ಇನ್ನು ಇರುವುದಿಲ್ಲ ಅಂತ ನೇರವಾಗಿ ಹೇಳಿತು. ಆ ಊಟಕ್ಕೆ ಕೊನೆಯ ಭೋಜನ ಅನ್ನುವ ಹೆಸರೇ ಬಿತ್ತು. 1995ರಲ್ಲಿ ಲಾಕ್‌ಹೀಡ್ ಮತ್ತು ಮಾರ್ಟಿನ್ ಮರಿಯೆಟ್ಟಾ ಒಂದಾದವು, 1997ರಲ್ಲಿ ಮೆಕ್‌ಡೊನೆಲ್ ಡಗ್ಲಸ್ ಬೋಯಿಂಗ್ ಹೊಟ್ಟೆ ಸೇರಿತು.

ಬೆಳೆಯಲು ಹಣ ಬೇಕಾದಾಗ ಕಂಪನಿ ಹೊಸ ಷೇರು ಹೊರಡಿಸಿದರೆ ಹಳೆಯ ಷೇರುದಾರರ ಪಾಲು ತೆಳುವಾಗುತ್ತದೆ. 2025ರ ಮಾರ್ಚ್‌ನಲ್ಲಿ ಹನ್ವಾ ಏರೋಸ್ಪೇಸ್ 3.6 ಲಕ್ಷ ಕೋಟಿ ವಾನ್ ಮೊತ್ತದ ಹೊಸ ಷೇರಿನ ಯೋಜನೆ ಹೇಳಿದ ಮರುದಿನವೇ ಷೇರು ಶೇ. 13ರಷ್ಟು ಬಿತ್ತು. ಆರ್ಡರ್ ತುಂಬಿ ತುಳುಕುತ್ತಿದ್ದ ಕಂಪನಿ ಅದು.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ಈ ಫಂಡ್‌ಗಳ ವಾರ್ಷಿಕ ಶುಲ್ಕ ಸಾಮಾನ್ಯವಾಗಿ ಶೇ. 0.35ರಿಂದ 0.6ರ ಒಳಗೆ. ವಿಸ್ಡಮ್‌ಟ್ರೀದು ಶೇ. 0.40, ವ್ಯಾನ್‌ಎಕ್‌ದು ಶೇ. 0.55, ಅಂದರೆ 10,000 ಯೂರೋಗೆ ವರ್ಷಕ್ಕೆ 40 ಮತ್ತು 55. ಇಡೀ ಜಗತ್ತಿನ ಷೇರುಗಳಿರುವ ಸಾದಾ ಇಂಡೆಕ್ಸ್ ಫಂಡ್ ಇದಕ್ಕಿಂತ ಅಗ್ಗ. ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಇರುವ ಅಂತರ ಕೂಡ ಒಂದು ಖರ್ಚೇ, ಕೊರಿಯಾ, ಜಪಾನ್ ಮಾರುಕಟ್ಟೆ ಮುಚ್ಚಿರುವ ಹೊತ್ತಿನಲ್ಲಿ ಆ ಷೇರುಗಳಿರುವ ಫಂಡ್ ಕೊಂಡರೆ ಅಂತರ ಹಿಗ್ಗಬಹುದು. ಕರೆನ್ಸಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ: ಫಂಡ್ ಡಾಲರ್‌ನಲ್ಲಿ ಮಾರಾಟವಾಗುತ್ತದೆ ಅಂದ ಮಾತ್ರಕ್ಕೆ ನಿಮ್ಮ ಹಣ ಡಾಲರ್‌ನಲ್ಲಿದೆ ಅಂತಲ್ಲ. ಒಳಗಿರುವ ಷೇರು ಯೂರೋ, ಪೌಂಡ್, ಕ್ರೋನಾ, ವಾನ್ ಯಾವುದರಲ್ಲಿದೆಯೋ ಆ ಕರೆನ್ಸಿಯ ಏರಿಳಿತವೇ ನಿಮಗೆ ತಟ್ಟುವುದು. ಡಿವಿಡೆಂಡ್ ಮೇಲೆ ಕಂಪನಿಯ ದೇಶ ಮೊದಲೇ ತೆರಿಗೆ ಹಿಡಿಯಬಹುದು, ನೀವಿರುವ ದೇಶ ಮತ್ತೆ ಕೇಳಬಹುದು, ಅದನ್ನು ಕೊಳ್ಳುವ ಮುಂಚೆಯೇ ವಿಚಾರಿಸಿ.

ಇನ್ನು ಮನಸ್ಸಾಕ್ಷಿಯ ಪ್ರಶ್ನೆ. ಇದನ್ನು ತೇಲಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ. ಅನೇಕ ಫಂಡ್‌ಗಳು ನಿಷೇಧಿತ ಆಯುಧಗಳನ್ನು ಹೊರಗಿಡುತ್ತೇವೆ ಅನ್ನುತ್ತವೆ. ಅದರ ಅರ್ಥ ಹೆಚ್ಚಾಗಿ 1997ರ ನೆಲಬಾಂಬ್ ಒಪ್ಪಂದ ಮತ್ತು 2008ರ ಕ್ಲಸ್ಟರ್ ಬಾಂಬ್ ಒಪ್ಪಂದದಲ್ಲಿ ಬರುವಂಥವು. ಅಣ್ವಸ್ತ್ರ ಬಹಳ ಸಲ ಆ ಪಟ್ಟಿಯಲ್ಲಿ ಇರುವುದಿಲ್ಲ. ಬಿಎಇ ಬ್ರಿಟನ್ನಿಗೆ ಅಣ್ವಸ್ತ್ರ ಹೊರುವ ಜಲಾಂತರ್ಗಾಮಿ ಕಟ್ಟುತ್ತದೆ, ಅಂಥ ಕಾರಣಕ್ಕೇ ನಾರ್ವೆಯ ಸರ್ಕಾರಿ ಪಿಂಚಣಿ ನಿಧಿ 2018ರಲ್ಲಿ ಅದನ್ನು ಹೊರಗಿಟ್ಟಿತು. ಯಾರಿಗೆ ಮಾರುತ್ತಾರೆ ಅನ್ನುವುದನ್ನಂತೂ ಇಂಡೆಕ್ಸ್‌ಗಳು ಬಹುಮಟ್ಟಿಗೆ ಅಳೆಯುವುದೇ ಇಲ್ಲ. ಮಾರುಕಟ್ಟೆಯಲ್ಲಿ ಹಳೆಯ ಷೇರು ಕೊಂಡಾಗ ಹಣ ಹೋಗುವುದು ಮಾರಿದವನಿಗೆ, ಕಂಪನಿಗೆ ನೇರವಾಗಿ ಅಲ್ಲ. ಆದರೆ ಷೇರಿನ ಬೆಲೆ ಏರಿದಷ್ಟೂ ಕಂಪನಿಗೆ ಹೊಸ ಬಂಡವಾಳ ಎತ್ತುವುದು ಸುಲಭ, ಹಾಗಾಗಿ ನನಗೂ ಅದಕ್ಕೂ ಸಂಬಂಧವಿಲ್ಲ ಅಂತ ಪೂರ್ತಿ ಹೇಳಲಾಗುವುದಿಲ್ಲ. ದಾಳಿಗೆ ಸಿಕ್ಕ ಊರಿನ ಮೇಲೆ ಬರುವ ಕ್ಷಿಪಣಿಯನ್ನು ಹೊಡೆದುರುಳಿಸುವ ಯಂತ್ರವೂ ಇದೇ ಕಾರ್ಖಾನೆಗಳಿಂದ ಬರುತ್ತದೆ, ದಾಳಿ ಮಾಡುವ ಬಾಂಬೂ ಬರುತ್ತದೆ. ಫಂಡ್ ಕೊಂಡವರು ಎರಡನ್ನೂ ಕೊಂಡಿರುತ್ತಾರೆ, ಬೇಕಾದ್ದನ್ನು ಆರಿಸಿಕೊಳ್ಳುವ ಅವಕಾಶ ಅಲ್ಲಿಲ್ಲ. ಅದು ಬೇಡ ಅನ್ನಿಸಿದರೆ ಬಿಟ್ಟುಬಿಡುವುದು ಪೂರ್ತಿ ಸರಿಯಾದ ತೀರ್ಮಾನ, ಲಾಭ ತಪ್ಪಿತು ಅಂತ ಯಾರೂ ನಿಮ್ಮನ್ನು ದಡ್ಡರು ಅನ್ನಬೇಕಾಗಿಲ್ಲ.

ಹಾಕುವುದಾದರೆ, ಮೊದಲು ನಿಮ್ಮ ಬಳಿ ಈಗಾಗಲೇ ಏನಿದೆ ನೋಡಿ. ಅಭಿವೃದ್ಧಿ ಹೊಂದಿದ ದೇಶಗಳ ಸಾದಾ ಇಂಡೆಕ್ಸ್ ಫಂಡ್ ಇದ್ದರೆ ಅದರೊಳಗೆ ಆರ್‌ಟಿಎಕ್ಸ್, ಲಾಕ್‌ಹೀಡ್, ಏರ್‌ಬಸ್, ಬಿಎಇ, ರೈನ್‌ಮೆಟಲ್ ಎಲ್ಲ ಅವುಗಳ ಗಾತ್ರಕ್ಕೆ ತಕ್ಕಂತೆ ಇದ್ದೇ ಇರುತ್ತವೆ. ರಕ್ಷಣಾ ಫಂಡ್ ಕೊಳ್ಳುವುದು ಅಂದರೆ ಅವುಗಳ ಪಾಲನ್ನು ಇನ್ನಷ್ಟು ಹೆಚ್ಚಿಸುವುದು, ಮಾರುಕಟ್ಟೆ ಈಗಾಗಲೇ ಹಾಕಿರುವ ಅಂದಾಜಿಗಿಂತ ಈ ಕಂಪನಿಗಳು ಚೆನ್ನಾಗಿ ಮಾಡುತ್ತವೆ ಅಂತ ನಂಬುವುದು. ಎಷ್ಟು ಹೆಚ್ಚಿಸಬೇಕು ಅಂತ ಕೇಳಿದರೆ, ಆ ಹಣ ಅರ್ಧಕ್ಕೆ ಇಳಿದರೂ ಹೆದರಿ ಮಾರದೆ ಇರುವಷ್ಟು ಮಾತ್ರ ಅನ್ನುತ್ತೇನೆ. ಇಂಡೆಕ್ಸ್‌ನ ನಿಯಮಾವಳಿ ಫಂಡ್ ಮನೆಯ ಅಥವಾ ಇಂಡೆಕ್ಸ್ ಮಾಡಿದವರ ಜಾಲತಾಣದಲ್ಲಿ ಸಾಮಾನ್ಯವಾಗಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಆದಾಯದ ಎಷ್ಟು ಪಾಲು ರಕ್ಷಣೆಯಿಂದ ಬರಬೇಕು ಅನ್ನುವ ಸಾಲು ಎಲ್ಲಿದೆ ಅಂತ ಮೊದಲು ಹುಡುಕಿ. ಆ ಸಾಲೇ ಸಿಗದಿದ್ದರೆ ನಾನಾದರೆ ಮುಂದಿನ ಫಂಡ್ ನೋಡುತ್ತೇನೆ.